ಬೀಳುವ ಪೇಟೆಯಲ್ಲಿ ಏಳುವ ತನಕ ಕಾಯಿರಿ

2025ರ ಏಪ್ರಿಲ್ 7, ಸೋಮವಾರ. ಟ್ರಂಪ್ ಸುಂಕದ ಗಾಬರಿಗೆ ಷೇರು ಪೇಟೆಯ ಸೂಚ್ಯಂಕ ನಿಫ್ಟಿ ಸಾವಿರಕ್ಕೂ ಹೆಚ್ಚು ಪಾಯಿಂಟ್ ಕುಸಿದು 21,758ರಲ್ಲಿ ತೆರೆಯಿತು. ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಒಂಬತ್ತೂಕಾಲಿಗೇ ಒಂದು ಲಾಟ್ (ಕನಿಷ್ಠ ಕಟ್ಟು) ನಿಫ್ಟಿ ಫ್ಯೂಚರ್ಸ್ (ಮುಂದಿನ ದಿನಾಂಕದ ಒಪ್ಪಂದ) ಶಾರ್ಟ್ ಮಾಡಿದ, ಅಂದರೆ ಬೆಲೆ ಇಳಿದ ಮೇಲೆ ಕೊಳ್ಳೋಣ ಅಂತ ಮೊದಲೇ ಮಾರಿದ. ಸಂಜೆ ನಮ್ಮ ಆಫೀಸಿಗೆ ಬಂದು ಕೂತು ಕೇಳಿದ: "ಸಾರ್, ಮಾರ್ಕೆಟ್ ಬಿತ್ತು, ನನ್ನ ದುಡ್ಡೂ ಹೋಯ್ತು. ಅದು ಹೆಂಗೆ?"

ಆ ದಿನದ ಕ್ಯಾಂಡಲ್, ಅಂದರೆ ಚಾರ್ಟಿನಲ್ಲಿ ಒಂದು ದಿನದ ಏರಿಳಿತದ ಗುರುತು, ತೆಗೆದು ತೋರಿಸಿದೆ. ಕನಿಷ್ಠ 21,743, ತೆರೆದ ಜಾಗದಿಂದ ಹದಿನೈದೇ ಪಾಯಿಂಟ್ ಕೆಳಗೆ. ಮುಗಿದದ್ದು 22,161ರಲ್ಲಿ. ಪೇಟೆ ಬಿದ್ದದ್ದು ಬಾಗಿಲು ತೆಗೆಯುವ ಮೊದಲೇ, ಇವನು ಮಾರಿದ್ದು ಬಿದ್ದ ಮೇಲೆ. 400 ಪಾಯಿಂಟ್ ನಷ್ಟ, ಆಗ 75ರ ಲಾಟ್, ಸುಮಾರು 30,000 ರೂಪಾಯಿ. ಅವನನ್ನು ಬೈಯುವ ಯೋಗ್ಯತೆ ನನಗೂ ಇಲ್ಲ. 2020ರ ಮಾರ್ಚ್ 13ರ ಬೆಳಿಗ್ಗೆ ಲೋವರ್ ಸರ್ಕಿಟ್ ಬಿದ್ದು, ಅಂದರೆ ಕುಸಿತ ಮಿತಿ ಮುಟ್ಟಿ ನಿಂತಿದ್ದ ವಹಿವಾಟು, ಮತ್ತೆ ಶುರುವಾದಾಗ ನಾನೂ ಶಾರ್ಟ್ ಹೋಗಿದ್ದೆ. ಸಂಜೆಗೆ ನಿಫ್ಟಿ ಹಸಿರಲ್ಲಿತ್ತು, ಹಿಂದಿನ ದಿನಕ್ಕಿಂತ ಮೇಲೆ.

ಅವನಿಗೆ ಮಂಡಿಯ ಲೆಕ್ಕದಲ್ಲೇ ಹೇಳಿದೆ. 15 ಕೆ.ಜಿ. ಬಾಕ್ಸಿನ ರೇಟು ಬಿದ್ದಾಗ ಒಂದಷ್ಟು ರೈತರು ಎರಡು ದಿನ ಕಾಯಿ ಕೀಳುವುದಿಲ್ಲ. ಆವಕ ಇಳಿದು ರೇಟು ಕೊಂಚ ಏಳುತ್ತದೆ. ಕಾದಿದ್ದವರೆಲ್ಲ ಒಟ್ಟಿಗೆ ಕಿತ್ತು ಗಾಡಿ ತುಂಬುತ್ತಾರೆ, ರೇಟು ಮೊದಲಿಗಿಂತ ಕೆಳಗೆ ಹೋಗುತ್ತದೆ. ಷೇರಿನಲ್ಲೂ ಮೇಲೆ ಕೊಂಡು ಸಿಕ್ಕಿಬಿದ್ದವರು "ಅಸಲು ಬಂದರೆ ಸಾಕು" ಅಂತ ಕಾಯುತ್ತಿರುತ್ತಾರೆ. ಅವರ ಬೆಲೆಗೆ ಚಾರ್ಟ್ ಬಂತೋ, ಮಾರಾಟ ಸುರಿಯುತ್ತದೆ. ಹಳೆಯ ಸಪೋರ್ಟ್ (ಬೆಲೆ ಬೀಳದೆ ನಿಲ್ಲುತ್ತಿದ್ದ ಮಟ್ಟ) ರೆಸಿಸ್ಟೆನ್ಸ್ (ಬೆಲೆ ಏರದಂತೆ ತಡೆಯುವ ಮಟ್ಟ) ಆಗುವುದು ಹೀಗೆ. ನಾನು ಮಾರಲು ಹುಡುಕುವ ಜಾಗವೂ ಇದೇ: ಎದ್ದ ಬೆಲೆ ಸುಸ್ತಾಗುವ ಜಾಗ.

2024ರ ಸೆಪ್ಟೆಂಬರ್‌ನಲ್ಲಿ ನಿಫ್ಟಿ 26,277 ಮುಟ್ಟಿತು. ನವೆಂಬರ್‌ನಲ್ಲಿ 23,263ಕ್ಕೆ ಇಳಿದು, ಡಿಸೆಂಬರ್ ಮೊದಲ ವಾರ 24,857ರವರೆಗೆ ಎದ್ದಿತು. ಪೇಪರಿನವರು ಚೇತರಿಕೆ ಅಂದರು. ಹಳೆಯ ತುದಿ ದಾಟಲಿಲ್ಲ, ಮತ್ತೆ ಇಳಿಯಿತು. ಫೆಬ್ರವರಿಯ ತುದಿ 23,807, ಅದೂ ಗಿಡ್ಡ. ಮಾರ್ಚ್ 4ಕ್ಕೆ 22,000ದ ಕೆಳಗೆ. ತುದಿಗಳು ಮೆಟ್ಟಿಲಿನಂತೆ ಇಳಿಯುತ್ತಿರುವಷ್ಟು ದಿನ ನನಗೆ ಬೇರೆ ಇಂಡಿಕೇಟರ್ (ಬೆಲೆಯ ದಿಕ್ಕು ತೋರಿಸುವ ಲೆಕ್ಕ) ಹೆಚ್ಚು ಬೇಕಿಲ್ಲ. ಆರ್‌ಎಸ್‌ಐ ಎಂಬ ಇಂಡಿಕೇಟರ್ 30ರ ಕೆಳಗಿದೆ, ಅತಿಯಾಗಿ ಬಿದ್ದಿದೆ ಅಂತ ಕೊಳ್ಳುವುದಂತೂ ಬೇಡ, ಅದು ಅಲ್ಲೇ ವಾರಗಟ್ಟಲೆ ಬಿದ್ದಿರಬಲ್ಲದು.

"ಹಂಗಾದ್ರೆ ಪುಟ್ ತಗೊಳ್ಲಾ ಸಾರ್?" ಅಂದ. ಪುಟ್ ಅಂದರೆ ಇಷ್ಟೇ ಬೆಲೆಗೆ ಮಾರುವ ಹಕ್ಕನ್ನು ಪ್ರೀಮಿಯಂ ಕೊಟ್ಟು ಕೊಳ್ಳುವುದು. ಅದರಲ್ಲೂ ಒಂದು ಗುಂಡಿ ಇದೆ. ಅದೇ ಏಪ್ರಿಲ್ 7ರಂದು ಪೇಟೆಯ ಭಯ ಅಳೆಯುವ ಇಂಡಿಯಾ ವಿಕ್ಸ್ ಒಂದೇ ದಿನ ಶೇ 60ಕ್ಕಿಂತ ಹೆಚ್ಚು ಜಿಗಿಯಿತು. ಭಯ ಏರಿದಾಗ ಪ್ರೀಮಿಯಂ ಉಬ್ಬುತ್ತದೆ, ಭಯ ಇಳಿದರೆ ನಿಫ್ಟಿ ನಿಂತಲ್ಲೇ ನಿಂತರೂ ಪುಟ್ ಕರಗುತ್ತದೆ. ಕ್ಯಾಶ್‌ನಲ್ಲಿ (ನೇರ ಷೇರಿನಲ್ಲಿ) ಶಾರ್ಟ್ ಮಾಡಿದರೆ ಅಂದೇ ವಾಪಸ್ ಕೊಳ್ಳಬೇಕು. ಷೇರು ದಿನದ ಏರಿಕೆಯ ಮಿತಿಯಾದ ಅಪ್ಪರ್ ಸರ್ಕಿಟ್‌ಗೆ ಹೋಗಿ ಮಾರುವವರೇ ಸಿಗದಿದ್ದರೆ ಆಕ್ಷನ್ (ಆ ಷೇರನ್ನು ಹರಾಜಿನಲ್ಲಿ ಕೊಂಡು ಕೊಡುವುದು), ದಂಡ.

ಅವನ ಬಂಡವಾಳ ಎರಡೂವರೆ ಲಕ್ಷ. ಒಂದು ವ್ಯವಹಾರದಲ್ಲಿ ಶೇ 1ಕ್ಕಿಂತ ಹೆಚ್ಚು ಕಳೆಯಬಾರದು ಎಂಬುದು ನನ್ನ ಲೆಕ್ಕ, ಅಂದರೆ 2,500. ನೂರು ಪಾಯಿಂಟ್ ಸ್ಟಾಪ್‌ಲಾಸ್ (ನಷ್ಟ ಇಷ್ಟಕ್ಕೇ ನಿಲ್ಲಿಸುವ ಮಟ್ಟ) ಇಟ್ಟರೂ ಆಗಿನ 75ರ ಲಾಟಿಗೆ 7,500 ಹೋಗುತ್ತಿತ್ತು. ಆ ಲಾಟ್ ಅವನ ಅಳತೆಯದೇ ಅಲ್ಲ. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ನೂರು ಜನರಲ್ಲಿ 93 ಜನ ಕಳೆದುಕೊಂಡಿದ್ದಾರೆ ಎಂದು ಷೇರು ಪೇಟೆಯ ನಿಯಂತ್ರಕ ಸೆಬಿಯೇ ಲೆಕ್ಕ ಕೊಟ್ಟಿದೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಚಹಾ ಕುಡಿದು ಹೋದ.

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಫೆಬ್ರವರಿಯ ತುದಿ 23,807 ಅಂತ ಬರೆದುಕೊಟ್ಟಿದ್ದೆ. ದಿನದ ಮುಕ್ತಾಯ ಇದರ ಮೇಲಾದರೆ ಇಳಿಕೆಯ ಮಾತು ಬಿಟ್ಟುಬಿಡು ಅಂತ. ಮಾರ್ಚ್ 25ರಂದು ನಿಫ್ಟಿ ದಿನದ ನಡುವೆ ಅದನ್ನು ದಾಟಿ, ಕೆಳಗೇ ಮುಗಿದಿತ್ತು. ಏಪ್ರಿಲ್ 17ಕ್ಕೆ 23,851ರಲ್ಲಿ ಮುಗಿಯಿತು. ಮರುದಿನ ಗುಡ್ ಫ್ರೈಡೇ ರಜೆ. ಸೋಮವಾರ 24,000 ದಾಟಿದಾಗ ಹುಡುಗನ ಫೋನ್ ಬಂತು: "ಚೀಟಿ ಇನ್ನೂ ಜೇಬಲ್ಲೇ ಇದೆ ಸಾರ್."