ಓದೋಕೆ ಇರೋ ಕಂಟ್ರೋಲ್ ತಿನ್ನೋವಾಗ ಎಲ್ಲಿ ಹೋಗುತ್ತೆ?

"ಮೇಡಂ, ನೂರಕ್ಕೆ ತೊಂಬತ್ತೈದು ತೆಗೀತಾಳೆ, ಬೆಳಗ್ಗೆ ಐದಕ್ಕೆ ಯಾರೂ ಎಬ್ಬಿಸದೆ ಎದ್ದು ಓದ್ತಾಳೆ, ಆದ್ರೆ ರಾತ್ರಿ ಚಿಪ್ಸ್ ಪ್ಯಾಕೆಟ್ ಕೈಗೆ ಸಿಕ್ರೆ ಖಾಲಿ ಆಗೋವರೆಗೂ ಬಿಡಲ್ಲ, ಅಷ್ಟೂ ಕಂಟ್ರೋಲ್ ಇಲ್ವಾ?" ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು ನನ್ನ ಹತ್ರ ಹೀಗೆ ಕೇಳ್ತಾನೇ ಇರ್ತಾರೆ. ಮಾರ್ಕ್ಸ್ ತೆಗೆಯೋ ಬುದ್ಧಿ ಇದ್ರೆ ಬಾಯಿ ಮೇಲೂ ಹಿಡಿತ ಇರ್ಬೇಕು ಅನ್ನೋ ಲೆಕ್ಕ ಅವರದ್ದು. ಆ ಲೆಕ್ಕ ಸರಿ ಇಲ್ಲ.

ನಾವು ಎಕ್ಸಿಕ್ಯೂಟಿವ್ ಫಂಕ್ಷನ್ ಅಂತೀವಲ್ಲ, ಅದು ಪಾಠ ಅರ್ಥ ಮಾಡ್ಕೊಳ್ಳೋ ಬುದ್ಧಿ ಜೊತೆ ಒಂದಷ್ಟು ನಂಟಿದ್ರೂ ಅದೇ ಅಲ್ಲ. ಮಾಡ್ತಿರೋ ಕೆಲಸನ ತಲೇಲಿ ಇಟ್ಕೊಂಡಿರೋದು, ಕೈ ಮುಂದೆ ಹೋಗೋದನ್ನ ತಡೆಯೋದು, ಅಂದ್ಕೊಂಡಿದ್ದು ಕೆಟ್ರೆ ಬೇರೆ ದಾರಿ ಹಿಡಿಯೋದು, ಮುಖ್ಯವಾಗಿ ಈ ಮೂರು. ಇದನ್ನೆಲ್ಲ ನೋಡ್ಕೊಳ್ಳೋ ಹಣೆ ಹಿಂದಿನ ಮಿದುಳಿನ ಭಾಗ ಪೂರ್ತಿ ಬಲಿಯೋಕೆ ಹೆಚ್ಚುಕಡಿಮೆ 25 ವರ್ಷ ಆಗುತ್ತೆ, 'ಬೇಕು, ಈಗ್ಲೇ ಬೇಕು' ಅನ್ನೋ ಭಾಗ ಹದಿಹರೆಯದಲ್ಲೇ ಜೋರಾಗಿರುತ್ತೆ. ಈ ತಡೆಯೋ ಶಕ್ತಿನ ಅಳೆಯೋಕೆ ಕಂಪ್ಯೂಟರ್ ಟೆಸ್ಟ್ ಇದೆ, ಚಿತ್ರ ಬಂದ ತಕ್ಷಣ ಬಟನ್ ಒತ್ತಬೇಕು, ಕೆಲವು ಚಿತ್ರ ಬಂದಾಗ ಮಾತ್ರ ಒತ್ತಬಾರದು. ಮಿತಿ ಮೀರಿ ತಿನ್ನೋ ಮಕ್ಕಳು ಇಂಥ ಟೆಸ್ಟಲ್ಲಿ ಸರಾಸರಿ ಸ್ವಲ್ಪ ಹಿಂದೆ ಇರ್ತಾರೆ ಅಂತ ಎಷ್ಟೋ ಸಂಶೋಧನೆಗಳಲ್ಲಿ ಬಂದಿದೆ, ಆದ್ರೆ ವ್ಯತ್ಯಾಸ ಸಣ್ಣದು, ಸ್ಕೋರ್ ಒಂದನ್ನೇ ನೋಡಿ ಈ ಹುಡುಗ ರಾತ್ರಿ ಫ್ರಿಜ್ ತೆಗೀತಾನೆ ಅಂತ ಹೇಳೋಕಾಗಲ್ಲ. ಹಾಗಾಗಿ ನಾನು ಮೊದಲು ಕೇಳೋದು ಅವತ್ತು ಎಷ್ಟು ಹೊತ್ತಿಗೆ ಏನು ತಿಂದ್ರಿ, ಎಷ್ಟು ಹೊತ್ತು ಮಲಗಿದ್ರಿ ಅಂತ.

ಕಥೆ ಬಹಳಷ್ಟು ಸಲ ಒಂದೇ ಥರ ಇರುತ್ತೆ. ಒಂದು ಲೋಟ ಬೂಸ್ಟ್ ಕುಡ್ಕೊಂಡು ಆರೂವರೆಗೆ ಟ್ಯೂಷನ್ನಿಗೆ ಓಟ, ಮಧ್ಯಾಹ್ನ ಬಾಕ್ಸಲ್ಲಿರೋ ಚಿತ್ರಾನ್ನ ಅರ್ಧ ಫ್ರೆಂಡ್ಸಿಗೆ, ಸಂಜೆ ಬೇಕರೀಲಿ ಒಂದು ಎಗ್ ಪಫ್, ಮತ್ತೆ ನೀಟ್ ಕೋಚಿಂಗು, ಮನೆಗೆ ಬಂದ್ರೆ 'ಡಯಟ್' ಅಂತ ರಾತ್ರಿ ಊಟ ಬಿಟ್ಟು ಸೌತೇಕಾಯಿ. ಹನ್ನೊಂದು ಗಂಟೆಗೆ ಎರಡು ಮ್ಯಾಗಿ, ಆಮೇಲೆ ಚಕ್ಲಿ ಡಬ್ಬಿ. ಇದ್ರಲ್ಲಿ ಕಂಟ್ರೋಲ್ ಎಲ್ಲಿ ಕಮ್ಮಿ ಆಯ್ತು ಹೇಳಿ, ಬೆಳಗ್ಗೆಯಿಂದ ಕಂಟ್ರೋಲ್ ಮಾಡಿದ್ದೇ ಜಾಸ್ತಿ ಆಯ್ತು!

ಮುಂಚೆ ನಮ್ಮ ಫೀಲ್ಡಲ್ಲೇ ಒಂದು ಮಾತು ಬಹಳ ಓಡ್ತಿತ್ತು, ಮನಸ್ಸಿನ ಹಿಡಿತ ಬಳಸಿದಷ್ಟೂ ಖಾಲಿ ಆಗುತ್ತೆ ಅಂತ. 2016ರಲ್ಲಿ 23 ಲ್ಯಾಬ್‌ಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಆ ಥರದ ಪ್ರಯೋಗ ಮತ್ತೆ ಮಾಡಿದಾಗ ಪರಿಣಾಮ ಹತ್ತಿರ ಹತ್ತಿರ ಸೊನ್ನೆ ಬಂತು. ಹಾಗಾಗಿ "ಓದಿ ಓದಿ ಅವಳ ಕಂಟ್ರೋಲ್ ಮುಗಿದೋಯ್ತು" ಅಂತ ನಾನು ಹೇಳಲ್ಲ. ಹಸಿವು, ನಿದ್ದೆ ಬಗ್ಗೆ ಮಾತ್ರ ಧೈರ್ಯವಾಗಿ ಹೇಳ್ತೀನಿ. 2004ರಲ್ಲಿ ಶಿಕಾಗೋದಲ್ಲಿ ಆರೋಗ್ಯವಾಗಿದ್ದ 12 ಯುವಕರನ್ನ ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದ್ರು, ಇನ್ನೊಂದು ಸಲ ಎರಡು ರಾತ್ರಿ ಹತ್ತು ಗಂಟೆ. ನಿದ್ದೆಗೆಟ್ಟಾಗ ಹೊಟ್ಟೆ ತುಂಬಿದೆ ಅಂತ ಹೇಳೋ ಹಾರ್ಮೋನ್ ಲೆಪ್ಟಿನ್ ಶೇ. 18 ಕಮ್ಮಿ, ಹಸಿವು ಏರಿಸೋ ಗ್ರೆಲಿನ್ ಶೇ. 28 ಜಾಸ್ತಿ. ಚಿಕ್ಕ ಅಧ್ಯಯನ ನಿಜ, ಆದ್ರೆ ಎಕ್ಸಾಮ್ ತಿಂಗಳಲ್ಲಿ ನಾನು ನೋಡೋದೂ ಇದೇ.

ನೆನಪಿನ ವಿಷಯ ಜನಕ್ಕೆ ಅಷ್ಟು ಗೊತ್ತಿಲ್ಲ. 1998ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಪಾಲ್ ರೋಜಿನ್ ಮತ್ತು ಸಂಗಡಿಗರು ಹೊಸ ನೆನಪು ನಿಲ್ಲದ ಇಬ್ಬರು ರೋಗಿಗಳಿಗೆ ಊಟ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಊಟ ಮುಂದಿಟ್ರು. ಮೊದಲನೇ ಊಟ ಮಾಡಿದ್ದೇ ನೆನಪಿಲ್ಲ, ಹಾಗಾಗಿ ಎರಡನೇದೂ ತಿಂದ್ರು, ಎಷ್ಟೋ ಸಲ ಮೂರನೇದಕ್ಕೂ ಕೈ ಹಾಕಿದ್ರು! ಅಂದ್ರೆ ಸಾಕು ಅಂತ ಹೇಳೋದು ಹೊಟ್ಟೆ ಮಾತ್ರ ಅಲ್ಲ, ತಿಂದಿದೀನಿ ಅನ್ನೋ ನೆನಪೂ ಹೌದು. ನಮ್ಮ ಮಕ್ಕಳ ನೆನಪಿಗೇನೂ ಆಗಿಲ್ಲ, ಆದ್ರೆ ರೀಲ್ಸ್ ನೋಡ್ತಾ ಪ್ಯಾಕೆಟ್ಟಿಗೇ ಕೈ ಹಾಕಿ ತಿಂದಿದ್ದು ತಲೇಲಿ ಸರಿಯಾಗಿ ಕೂರಲ್ಲ, ಅರ್ಧ ಗಂಟೆ ಬಿಟ್ಟು ಮತ್ತೆ "ಅಮ್ಮಾ ಏನಾದ್ರೂ ಕೊಡು". ಚಿಪ್ಸ್ ಬೇಡ ಅಂತ ಕೂಗಾಡೋ ಬದ್ಲು ಬಟ್ಟಲಿಗೆ ಹಾಕ್ಕೊಂಡು ಟೇಬಲ್ ಹತ್ರ ಕೂತು ತಿನ್ನು, ಫೋನ್ ಆಕಡೆ ಇಡು ಅನ್ನಿ, ಇಷ್ಟೇ ಸಾಕು ಶುರು ಮಾಡೋಕೆ.

ಎಡಿಎಚ್‌ಡಿ, ಅಂದ್ರೆ ಗಮನ ಒಂದು ಕಡೆ ನಿಲ್ಲದ, ಸುಮ್ಮನೆ ಕೂರೋಕಾಗದ ತೊಂದರೆ, ಇರೋ ಮಕ್ಕಳದ್ದು ಬೇರೇನೇ. ಅವರಿಗೆ ತಡೆಯೋದೇ ಕಷ್ಟ, ಮೇಲಿಂದ ಕೆಲವು ಮಾತ್ರೆಗೆ ಹಗಲು ಹಸಿವೇ ಆಗಲ್ಲ, ಸಂಜೆ ಮಾತ್ರೆ ಪ್ರಭಾವ ಇಳೀತಿದ್ದ ಹಾಗೆ ಸಿಕ್ಕಿದ್ದೆಲ್ಲ ತಿಂತಾರೆ. ಆಗ ಬೈಯೋದಲ್ಲ, ಮಾತ್ರೆ ಬರೆದ ಡಾಕ್ಟರ್ ಹತ್ರ ಊಟದ ಟೈಮ್ ಬಗ್ಗೆ ಮಾತಾಡ್ಬೇಕು, ಮಾತ್ರೆ ನೀವೇ ನಿಲ್ಲಿಸೋದಂತೂ ಬೇಡ.

ಮಿಕ್ಕವರಿಗೆ ನಾನು ಮೊದಲು ಸರಿ ಮಾಡಿಸೋದು ಸಂಜೆ ನಾಲ್ಕರ ತಿಂಡಿ. ಕಡ್ಲೆಕಾಳು ಉಸ್ಲಿ, ಅವಲಕ್ಕಿ, ಮೊಟ್ಟೆ, ಏನೋ ಒಂದು ಹೊಟ್ಟೇಲಿ ನಿಲ್ಲೋದು. ರಾತ್ರಿ ಊಟ ಬಿಡಿಸ್ಬೇಡಿ. ಡಬ್ಬಿಗೆ ಬೀಗ ಹಾಕೋದು, ನೆಂಟರ ಮುಂದೆ "ಇವಳು ನೋಡಿ ಹೇಗಾಗಿದಾಳೆ" ಅನ್ನೋದು, ಇವೆರಡರಿಂದ ತಿನ್ನೋದು ಕಮ್ಮಿ ಆಗಿದ್ದು ನಾನು ಕಂಡಿಲ್ಲ, ಕದ್ದು ತಿನ್ನೋದು ಶುರು ಆಗಿದ್ದು ಕಂಡಿದೀನಿ.

ಇಷ್ಟೆಲ್ಲ ಆದ್ಮೇಲೂ ವಾರಕ್ಕೆ ಒಂದು ಸಲನಾದ್ರೂ ತುಂಬಾ ಜಾಸ್ತಿ, ಬೇಗ ಬೇಗ, ಒಬ್ಬರೇ ಕೂತು ಹೊಟ್ಟೆ ನೋಯೋವರೆಗೆ ತಿಂದು, ನಿಲ್ಲಿಸೋಕೇ ಆಗ್ಲಿಲ್ಲ ಅಂತ ಅಳೋದು ಮೂರು ತಿಂಗಳಿಂದ ನಡೀತಿದ್ರೆ ಅದು ಬಾಯಿ ಚಪಲ ಅಲ್ಲ, ಬಿಂಜ್ ಈಟಿಂಗ್ ಡಿಸಾರ್ಡರ್ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ತಿಂದದ್ದನ್ನ ಬೇಕಂತಲೇ ವಾಂತಿ ಮಾಡ್ತಿದ್ರೆ ಮೂರು ತಿಂಗಳು ಕಾಯ್ಬೇಡಿ. ಎಲ್ಲಿ ಹೋಗ್ಬೇಕು ಅಂತ ಗೊತ್ತಾಗ್ದೇ ಇದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡೇನೂ ಕೊಡಬೇಕಾಗಿಲ್ಲ. ನಮ್ಮಂಥವರ ಹತ್ರ ಬರೋವಾಗ ಒಂದು ವಾರದ ಊಟ ನಿದ್ದೆ ಟೈಮ್ ಬರ್ಕೊಂಡು ಬನ್ನಿ, ಆದ್ರೆ ಬರೆಯೋದು ಮಗು ಕೈಯಲ್ಲೇ ಇರ್ಲಿ.