ಒಣ ಮತ್ತು ಸೂಕ್ಷ್ಮ ಚರ್ಮಕ್ಕೆ ಹಗುರವಾದ ಬಾಡಿ ಆಯಿಲ್: ಆರಿಸುವ ಮುಂಚೆ ತಿಳಿದಿರಬೇಕಾದ್ದು

ಅಂಗಡಿಯಲ್ಲಿ ಬಾಡಿ ಆಯಿಲ್ ಕೊಳ್ಳುವಾಗ ಹೆಚ್ಚಿನವರು ಮಾಡುವುದು ಒಂದೇ ಪರೀಕ್ಷೆ. ಎರಡು ಹನಿ ಕೈಮೇಲೆ ಹಾಕಿ ಉಜ್ಜಿ ನೋಡುತ್ತಾರೆ. ಜಿಡ್ಡು ಉಳಿಯದಿದ್ದರೆ ಎಣ್ಣೆ ಹಗುರ, ಹಾಗಾಗಿ ಒಳ್ಳೆಯದು. ಈ ಪರೀಕ್ಷೆ ಅರ್ಧ ಮಾತ್ರ ಸರಿ. ಎಣ್ಣೆ ಕೈಗೆ ಹಗುರ ಅನ್ನಿಸುವುದು ಒಂದು ಗುಣ. ಒಣಗಿದ ಚರ್ಮಕ್ಕೆ ಅದು ಒಗ್ಗುವುದು ಬೇರೆಯೇ ಗುಣ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಆಗುವುದಿಲ್ಲ. ಬ್ಯೂಟಿಷಿಯನ್ ಕೋರ್ಸ್, ಫಾರ್ಮಸಿ, ನರ್ಸಿಂಗ್ ಓದುತ್ತಿರುವವರು ಈ ವ್ಯತ್ಯಾಸವನ್ನು ಮೊದಲೇ ಹಿಡಿದುಕೊಂಡರೆ ಮುಂದಿನದೆಲ್ಲ ಸಲೀಸು.

ಚರ್ಮದ ಮೇಲ್ಪದರ

ಚರ್ಮದ ಎಲ್ಲಕ್ಕಿಂತ ಹೊರಗಿನ ಪದರದ ಹೆಸರು ಸ್ಟ್ರೇಟಮ್ ಕಾರ್ನಿಯಮ್. ಮೈಮೇಲೆ ಬಹುತೇಕ ಕಡೆ ಇದು ತಲೆಕೂದಲಿಗಿಂತ ತೆಳು. ಪಠ್ಯಪುಸ್ತಕಗಳು ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತವೆ: ಸತ್ತ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬು ಗಾರೆ. ಆ ಗಾರೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಫ್ಯಾಟಿ ಆಸಿಡ್ (ಎಣ್ಣೆ, ಕೊಬ್ಬುಗಳನ್ನು ಕಟ್ಟುವ ಘಟಕ). ಗಾರೆ ಸಡಿಲವಾದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹೊರಗಿನ ಸೋಪು, ಸುಗಂಧ, ಧೂಳು ಒಳಗೆ ನುಗ್ಗುತ್ತವೆ. ಮೊದಲನೆಯದರಿಂದ ಚರ್ಮ ಒಣಗುತ್ತದೆ, ಎರಡನೆಯದರಿಂದ ಉರಿ, ತುರಿಕೆ ಬರುತ್ತವೆ. ಒಣ ಚರ್ಮವೂ ಸೂಕ್ಷ್ಮ ಚರ್ಮವೂ ಎಷ್ಟೋ ಸಲ ಜೊತೆಯಾಗಿಯೇ ಇರುವುದು ಇದಕ್ಕೇ.

ಇಲ್ಲಿ ಒಂದು ವಿಷಯ ಗಮನಿಸಿ. ಎಣ್ಣೆಯಲ್ಲಿ ನೀರು ಇಲ್ಲ. ಹಾಗಾಗಿ ಅದು ಚರ್ಮಕ್ಕೆ ತೇವ ಕೊಡುವುದಿಲ್ಲ, ಇರುವ ತೇವ ಹಾರಿಹೋಗದಂತೆ ತಡೆಯುತ್ತದೆ ಅಷ್ಟೇ. "ಎಣ್ಣೆ ಚರ್ಮದ ಆಳಕ್ಕೆ ಇಳಿದು ಪೋಷಿಸುತ್ತದೆ" ಎಂದು ಜಾಹೀರಾತು ಹೇಳುತ್ತದೆ. ನಿಜವಾಗಿ ಹಚ್ಚಿದ ಎಣ್ಣೆಯ ಬಹುಪಾಲು ಮೇಲ್ಪದರದಲ್ಲೇ ಉಳಿಯುತ್ತದೆ. ಅದು ಕೊರತೆಯೇನಲ್ಲ. ಕೆಲಸ ಆಗಬೇಕಾದ ಜಾಗವೂ ಅದೇ ಅಲ್ವಾ?

ಎರಡು ಆಸಿಡ್‌ಗಳ ಕಥೆ

ಇದು ಈ ಟಿಪ್ಪಣಿಯ ಮುಖ್ಯ ಭಾಗ. ನಿಧಾನವಾಗಿ ಓದಿ.

1929ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟು ನೋಡಿದರು. ಇಲಿಗಳ ಚರ್ಮ ಹೊಟ್ಟು ಹೊಟ್ಟಾಯಿತು, ಬಾಲ ಒರಟಾಯಿತು. ಮರುವರ್ಷ ಅವರು ಇದನ್ನು ವಾಸಿ ಮಾಡುವ ವಸ್ತುವನ್ನೂ ತೋರಿಸಿದರು. ಅದೇ ಲಿನೋಲೆಯಿಕ್ ಆಸಿಡ್. ನಮ್ಮ ದೇಹ ಅದನ್ನು ತಾನೇ ತಯಾರಿಸಲಾರದು. ಚರ್ಮದ ಕೆಲವು ಮುಖ್ಯ ಸೆರಮೈಡ್‌ಗಳು ಕಟ್ಟಿಕೊಳ್ಳುವುದೇ ಇದರಿಂದ.

ಅಡುಗೆ ಎಣ್ಣೆಗಳಲ್ಲಿ ಜಾಸ್ತಿ ಕಾಣುವ ಇನ್ನೊಂದು ಫ್ಯಾಟಿ ಆಸಿಡ್ ಒಲೆಯಿಕ್. ತಿನ್ನಲು ಅದು ಒಳ್ಳೆಯದೇ. ಚರ್ಮದ ಮೇಲೆ ಅದರ ನಡತೆ ಬೇರೆ. ಮೇಲ್ಪದರದ ಕೊಬ್ಬಿನ ಜೋಡಣೆಯನ್ನು ಅದು ಸಡಿಲಿಸುತ್ತದೆ. ಔಷಧವನ್ನು ಚರ್ಮದ ಮೂಲಕ ಒಳಗೆ ಕಳಿಸಬೇಕಾದಾಗ ಒಲೆಯಿಕ್ ಆಸಿಡ್ ಬಳಸುವುದು ಈ ಗುಣಕ್ಕಾಗಿಯೇ. ಗಟ್ಟಿ ಚರ್ಮ ಇದನ್ನು ತಡೆದುಕೊಂಡೀತು. ಮೊದಲೇ ಸಡಿಲವಾಗಿರುವ ಚರ್ಮಕ್ಕೆ ಕಷ್ಟ.

ಈ ವಿಷಯದಲ್ಲಿ ನೆನಪಿಡಬೇಕಾದ ಅಧ್ಯಯನ ಇಂಗ್ಲೆಂಡಿನ ಶೆಫೀಲ್ಡ್‌ನದು, 2013ರಲ್ಲಿ ಪ್ರಕಟವಾಯಿತು. 19 ವಯಸ್ಕರು ಭಾಗವಹಿಸಿದ್ದರು. ಒಂದು ಗುಂಪು ಒಂದು ಮುಂಗೈಗೆ ಮಾತ್ರ ದಿನಕ್ಕೆ ಎರಡು ಸಲ ಆರಾರು ಹನಿ ಆಲಿವ್ ಎಣ್ಣೆ ಹಚ್ಚಿಕೊಂಡಿತು. ಇನ್ನೊಂದು ಗುಂಪು ಒಂದು ಕೈಗೆ ಆಲಿವ್, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿಕೊಂಡಿತು. ನಾಲ್ಕೈದು ವಾರ ಕಳೆದ ಮೇಲೆ ನೋಡಿದರೆ, ಆಲಿವ್ ಹಚ್ಚಿದ ಕಡೆ ಮೇಲ್ಪದರ ದುರ್ಬಲವಾಗಿತ್ತು, ತುಸು ಕೆಂಪಾಗಿತ್ತು. ಸೂರ್ಯಕಾಂತಿ ಹಚ್ಚಿದ ಕಡೆ ಪದರ ಚೆನ್ನಾಗಿಯೇ ಉಳಿದಿತ್ತು, ತೇವವೂ ಹೆಚ್ಚಿತ್ತು. ಭಾಗವಹಿಸಿದವರು ಕಡಿಮೆ, ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೂ ದುಬಾರಿ ಬೆಲೆಯ "ಶುದ್ಧ ನೈಸರ್ಗಿಕ" ಆಲಿವ್ ಎಣ್ಣೆಯನ್ನು ಎಳೆಯ ಮಕ್ಕಳ ಒಣ ಚರ್ಮಕ್ಕೆ ದಿನಾ ತಿಕ್ಕುವ ಮುಂಚೆ ಇದನ್ನು ತಿಳಿದಿರಲೇಬೇಕು. ಆಲಿವ್‌ನಲ್ಲಿ ಒಲೆಯಿಕ್ ಆಸಿಡ್ ಶೇ. 55ರಿಂದ 83ರವರೆಗೆ ಇರುತ್ತದೆ.

ಉಳಿದ ಎಣ್ಣೆಗಳನ್ನು ಇದೇ ಅಳತೆಯಲ್ಲಿ ನೋಡೋಣ. ಬಾದಾಮಿ ಎಣ್ಣೆಯಲ್ಲೂ ಒಲೆಯಿಕ್ಕೇ ಮುಂದು, ಸುಮಾರು ಮೂರನೇ ಎರಡು ಪಾಲು. ಎಳ್ಳೆಣ್ಣೆಯಲ್ಲಿ ಎರಡೂ ಹೆಚ್ಚುಕಮ್ಮಿ ಸಮ, ತಲಾ ಶೇ. 40ರ ಆಸುಪಾಸು. ಸಾಮಾನ್ಯ ಸೂರ್ಯಕಾಂತಿಯಲ್ಲಿ ಲಿನೋಲೆಯಿಕ್ ಮೇಲುಗೈ. ಎಲ್ಲಕ್ಕಿಂತ ಮುಂದೆ ಇರುವುದು ಕುಸುಬೆ ಎಣ್ಣೆ. ಸಾಂಪ್ರದಾಯಿಕ ತಳಿಯ ಕುಸುಬೆಯಲ್ಲಿ ಲಿನೋಲೆಯಿಕ್ ಸುಮಾರು ಶೇ. 75 ಇರುತ್ತದೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಮುಳ್ಳಿನ ಬೆಳೆ ಇದು. ಹೊರದೇಶದಿಂದ ಬಂದ ಪುಟ್ಟ ಬಾಟಲಿಗೆ ಸಾವಿರಾರು ರೂಪಾಯಿ ಕೊಡುವವರು ಉತ್ತರ ಕರ್ನಾಟಕದ ಗಾಣದಲ್ಲಿ ಸಿಗುವ ಈ ಎಣ್ಣೆಯತ್ತ ಒಮ್ಮೆ ತಿರುಗಿ ನೋಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಕೈಗೂ ಅದು ತೆಳು, ಬೇಗ ಹರಡುತ್ತದೆ.

ಎರಡು ಎಚ್ಚರಿಕೆ. "ಹೈ ಒಲೆಯಿಕ್" ಎಂಬ ಸೂರ್ಯಕಾಂತಿ, ಕುಸುಬೆ ತಳಿಗಳೂ ಇವೆ. ಅವುಗಳ ಲೆಕ್ಕ ಪೂರ್ತಿ ತಲೆಕೆಳಗು. ಹೆಸರು ಒಂದೇ ಇದ್ದರೂ ಲೇಬಲ್ ನೋಡಬೇಕು. ಎರಡನೆಯದು, ಲಿನೋಲೆಯಿಕ್ ಜಾಸ್ತಿ ಇರುವ ಎಣ್ಣೆ ಬೇಗ ಕೆಡುತ್ತದೆ. ಕಮಟು ಹಿಡಿದ ಎಣ್ಣೆ ಸೂಕ್ಷ್ಮ ಚರ್ಮಕ್ಕೆ ಉರಿ ತರಬಹುದು. ಚಿಕ್ಕ ಬಾಟಲಿ ಕೊಳ್ಳಿ, ಬಿಸಿಲು ಬೀಳದ ತಂಪು ಜಾಗದಲ್ಲಿ ಇಡಿ. ಬಚ್ಚಲುಮನೆಯ ಕಿಟಕಿ ಅದಕ್ಕೆ ತಕ್ಕ ಜಾಗವಲ್ಲ.

ಹಗುರ ಅನ್ನಿಸುವುದು ಯಾವುದರಿಂದ

ಎಣ್ಣೆ ಎಷ್ಟು ತೆಳುವಾಗಿ ಹರಿಯುತ್ತದೆ, ಎಷ್ಟು ಬೇಗ ಹರಡುತ್ತದೆ, ಆಮೇಲೆ ಎಷ್ಟು ಅಂಟು ಉಳಿಯುತ್ತದೆ, ಈ ಮೂರೂ ಸೇರಿ "ಹಗುರ" ಎಂಬ ಅನುಭವ ಕೊಡುತ್ತವೆ. ಹರಳೆಣ್ಣೆ ಒಂದು ತುದಿ. ಅದು ಬೇರೆ ಅಡುಗೆ ಎಣ್ಣೆಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಇನ್ನೊಂದು ತುದಿಯಲ್ಲಿ ಸ್ಕ್ವಾಲೇನ್ ಮತ್ತು ಕ್ಯಾಪ್ರಿಲಿಕ್/ಕ್ಯಾಪ್ರಿಕ್ ಟ್ರೈಗ್ಲಿಸರೈಡ್ (ಕೊಬ್ಬರಿ ಎಣ್ಣೆಯಂಥವುಗಳ ಘಟಕಗಳಿಂದ ತಯಾರಿಸುವ ತೆಳು ಎಣ್ಣೆ) ಇವೆ.

ಸ್ಕ್ವಾಲೇನ್ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಚರ್ಮದ ಜಿಡ್ಡಿನಲ್ಲೇ ಸ್ಕ್ವಾಲೀನ್ ಎಂಬ ವಸ್ತು ಇದೆ, ಆದರೆ ಗಾಳಿಗೆ ಬೇಗ ಕೆಡುತ್ತದೆ. ಅದಕ್ಕೆ ಹೈಡ್ರೋಜನ್ ಸೇರಿಸಿದರೆ ಕೆಡದ ಸ್ಕ್ವಾಲೇನ್ ಆಗುತ್ತದೆ. ಹಿಂದೆ ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ತೆಗೆಯುತ್ತಿದ್ದರು, ಈಗ ಆಲಿವ್‌ನಿಂದ, ಕಬ್ಬಿನ ಸಕ್ಕರೆಯಿಂದಲೂ ತಯಾರಿಸುತ್ತಾರೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕಿರಿಕಿರಿ ಮಾಡುವುದು ಅಪರೂಪ. ಹಗುರವೂ ಹೌದು, ಸೌಮ್ಯವೂ ಹೌದು. ಬೆಲೆ ಮಾತ್ರ ಜಾಸ್ತಿ. ಜೊಜೊಬಾ ಕೂಡ ಇದೇ ಸಾಲಿಗೆ ಹತ್ತಿರ. ರಾಸಾಯನಿಕವಾಗಿ ಅದು ಎಣ್ಣೆಯಲ್ಲ, ದ್ರವರೂಪದ ಮೇಣ. ಹಾಗಾಗಿ ಬೇಗ ಕೆಡುವುದಿಲ್ಲ.

ಲಿಕ್ವಿಡ್ ಪ್ಯಾರಾಫಿನ್ ಎಂದರೆ ಜನ ಹೆದರುತ್ತಾರೆ. ಪೆಟ್ರೋಲಿಯಂನಿಂದ ಬಂದದ್ದು ನಿಜ. ಆದರೆ ಔಷಧ ದರ್ಜೆಗೆ ಶುದ್ಧ ಮಾಡಿದ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಲರ್ಜಿ ಮಾಡುವುದು ತೀರಾ ಅಪರೂಪ. ಕೆಡುವುದಿಲ್ಲ, ಅಗ್ಗ, ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಗಾರೆಗೆ ಬೇಕಾದ ಕೊಬ್ಬನ್ನು ಅದು ಕೊಡುವುದಿಲ್ಲ, ಮೇಲೊಂದು ಹೊದಿಕೆ ಮಾತ್ರ ಹಾಕುತ್ತದೆ. ತೀರಾ ಸೂಕ್ಷ್ಮ ಚರ್ಮದವರಿಗೆ ಎಷ್ಟೋ ಸಲ ಅಷ್ಟೇ ಬೇಕಾಗಿರುತ್ತದೆ.

ಕೊಬ್ಬರಿ ಎಣ್ಣೆಯ ಮಾತು

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೇರೆ ಎಣ್ಣೆಯ ಚರ್ಚೆಯೇ ಇರುವುದಿಲ್ಲ. ಕೊಬ್ಬರಿ ಎಣ್ಣೆ ಮೇಲಿನ ಎರಡು ಆಸಿಡ್‌ಗಳ ಲೆಕ್ಕಕ್ಕೆ ಸೇರದು. ಅದರ ಅರ್ಧದಷ್ಟು ಲಾರಿಕ್ ಆಸಿಡ್. ಸುಮಾರು 24 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಮಂಗಳೂರಿನಲ್ಲಿ ನೀರಿನಂತಿರುವುದು ಡಿಸೆಂಬರಿನ ಬೆಂಗಳೂರಿನಲ್ಲಿ ಗಟ್ಟಿಯಾಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಎಕ್ಸಿಮಾ (ಇಸುಬು) ಇದ್ದ ಮಕ್ಕಳ ಮೇಲೆ 8 ವಾರ ನಡೆದ ಅಧ್ಯಯನದಲ್ಲಿ ವರ್ಜಿನ್ ಕೊಬ್ಬರಿ ಎಣ್ಣೆ ಮಿನರಲ್ ಆಯಿಲ್‌ಗಿಂತ (ಲಿಕ್ವಿಡ್ ಪ್ಯಾರಾಫಿನ್‌ನದೇ ಇನ್ನೊಂದು ಹೆಸರು) ಚೆನ್ನಾಗಿ ಕೆಲಸ ಮಾಡಿತು. ಅದು 2014ರಲ್ಲಿ ಪ್ರಕಟವಾಯಿತು. ಕೈಕಾಲಿಗೆ ಇದು ಒಳ್ಳೆಯ ಆಯ್ಕೆ. ಮೊಡವೆ ಏಳುವ ಬೆನ್ನು, ಎದೆ, ಮುಖಕ್ಕೆ ಬೇಡ.

ಇನ್ನೊಂದು ಗುಂಪಿನವರು ಹುಷಾರಾಗಿರಬೇಕು. ಸಿಬ್ಬು ಬರುವವರ ಚರ್ಮದ ಮೇಲೆ ಮಲಸೀಜಿಯಾ ಎಂಬ ಶಿಲೀಂಧ್ರ ಜಾಸ್ತಿ ಬೆಳೆದಿರುತ್ತದೆ. ಅದಕ್ಕೆ ಕೊಬ್ಬೇ ಆಹಾರ. ಸೆಕೆಯ ಊರಿನಲ್ಲಿ ಅಂಥವರು ಗಿಡಮೂಲದ ಎಣ್ಣೆ ಬಿಟ್ಟು ಸ್ಕ್ವಾಲೇನ್ ಅಥವಾ ಲಿಕ್ವಿಡ್ ಪ್ಯಾರಾಫಿನ್ ಆರಿಸುವುದು ವಾಸಿ.

ಲೇಬಲ್ ಓದುವ ಅಭ್ಯಾಸ

ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವುವನ್ನು ಕೊನೆಗೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಇದರ ಉಪಯೋಗ ನೋಡಿ. ಬಾಟಲಿ ಮೇಲೆ ದೊಡ್ಡ ಬಾದಾಮಿ ಚಿತ್ರ, ಪಟ್ಟಿಯಲ್ಲಿ ಮೊದಲ ಹೆಸರು ಲೈಟ್ ಲಿಕ್ವಿಡ್ ಪ್ಯಾರಾಫಿನ್, ಬಾದಾಮಿ ಎಣ್ಣೆ ಪರ್ಫ್ಯೂಮ್ ಆದಮೇಲೆ ಬಂದರೆ, ನೀವು ಕೊಳ್ಳುತ್ತಿರುವುದು ಬಾದಾಮಿ ಎಣ್ಣೆಯಲ್ಲ. ಪ್ಯಾರಾಫಿನ್ ಕೆಟ್ಟದ್ದಲ್ಲ, ಆದರೆ ಬಾದಾಮಿಯ ಬೆಲೆ ಯಾಕೆ ಕೊಡಬೇಕು?

ಸೂಕ್ಷ್ಮ ಚರ್ಮಕ್ಕೆ ನಿಜವಾದ ಶತ್ರು ಹೆಚ್ಚಾಗಿ ಎಣ್ಣೆಯಲ್ಲ, ಅದರ ಪರಿಮಳ. ಲ್ಯಾವೆಂಡರ್, ಕಿತ್ತಳೆ, ಟೀ ಟ್ರೀ ಥರದ ಗಿಡದ ಸುಗಂಧಗಳೂ ಇದರಲ್ಲಿ ಸೇರಿವೆ. ಅವುಗಳಲ್ಲಿರುವ ಲಿನಲೂಲ್, ಲಿಮೋನಿನ್ ಗಾಳಿಗೆ ತೆರೆದುಕೊಂಡಾಗ ಅಲರ್ಜಿ ಮಾಡುವ ವಸ್ತುಗಳಾಗುತ್ತವೆ. "ಅನ್‌ಸೆಂಟೆಡ್" ಎಂದು ಬರೆದಿದ್ದರೆ ಸಾಲದು. ಎಣ್ಣೆಯ ವಾಸನೆ ಮುಚ್ಚಲು ಬೇರೆ ಸುಗಂಧ ಹಾಕಿರಬಹುದು. "ಫ್ರೇಗ್ರೆನ್ಸ್ ಫ್ರೀ" ಎಂಬುದನ್ನು ಹುಡುಕಿ, ಪಟ್ಟಿಯನ್ನೂ ಓದಿ. ಅರಿಶಿನ, ಬೇರು, ಹೂವು ಕುದಿಸಿದ ತೈಲಗಳಿಗೂ ಇದೇ ಮಾತು. ಪದಾರ್ಥ ಹೆಚ್ಚಿದಷ್ಟೂ ಯಾವುದು ಒಗ್ಗಲಿಲ್ಲ ಎಂದು ಕಂಡುಹಿಡಿಯುವುದು ಕಷ್ಟ. ಸಾಸಿವೆ ಎಣ್ಣೆಯಂತೂ ಒಣ ಚರ್ಮಕ್ಕೆ ಬೇಡವೇ ಬೇಡ. ಅದರ ಘಾಟು ಕೊಡುವ ವಸ್ತುವೇ ಚರ್ಮವನ್ನು ಕೆಣಕುತ್ತದೆ. ಎಳ್ಳು, ಶೇಂಗಾ, ಬಾದಾಮಿ ತಿಂದರೆ ಅಲರ್ಜಿ ಆಗುವವರು ಆ ಎಣ್ಣೆಗಳನ್ನು ಮೈಗೂ ಹಚ್ಚಬಾರದು. ಗಾಣದ ಎಣ್ಣೆಯಲ್ಲಿ ಬೀಜದ ಪ್ರೋಟೀನ್ ಉಳಿದಿರಬಹುದು.

ಯಾವಾಗ, ಎಷ್ಟು

ನಮ್ಮ ಅಭ್ಯಂಜನದಲ್ಲಿ ಎಣ್ಣೆ ಮೊದಲು, ಸ್ನಾನ ಆಮೇಲೆ. ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕಿದರೆ ಹಚ್ಚಿದ್ದರಲ್ಲಿ ಬಹುಪಾಲು ಹೋಗುತ್ತದೆ. ನರಕ ಚತುರ್ದಶಿಯ ಆ ಸುಖವೇ ಬೇರೆ, ಅದನ್ನು ಬಿಡಬೇಕಿಲ್ಲ. ದಿನನಿತ್ಯದ ಒಣ ಚರ್ಮಕ್ಕೆ ಮಾತ್ರ ಕ್ರಮ ತಿರುಗಿಸಿ. ತುಂಬಾ ಬಿಸಿಯಲ್ಲದ ನೀರಿನಲ್ಲಿ ಸ್ನಾನ ಮುಗಿಸಿ, ಟವೆಲ್‌ನಿಂದ ಒತ್ತಿ ಒರೆಸಿ, ಮೈ ಇನ್ನೂ ಪಸೆ ಇರುವಾಗಲೇ ಕೆಲವು ಹನಿ ಹಚ್ಚಿ. ಹೊಳೆಯುವಷ್ಟು ಹಚ್ಚಿದರೆ ಹೆಚ್ಚಾಯಿತು ಎಂದರ್ಥ.

ತೆಳು ಎಣ್ಣೆಗೆ ಮಿತಿ ಇದೆ. ನೀರು ಹಾರುವುದನ್ನು ಪೆಟ್ರೋಲಿಯಂ ಜೆಲ್ಲಿ ತಡೆಯುವಷ್ಟು ಅದು ತಡೆಯಲಾರದು. ಒಡೆದ ಹಿಮ್ಮಡಿಗೆ, ಕಲಬುರಗಿಯ ಒಣ ಗಾಳಿಗೆ, ದುಬೈಯಲ್ಲಿ ದಿನವಿಡೀ ಎಸಿಯಲ್ಲಿ ಕೂರುವವರಿಗೆ ಎಣ್ಣೆಯೊಂದೇ ಸಾಲದೆ ಹೋಗಬಹುದು. ಗ್ಲಿಸರಿನ್ ಇರುವ ಸಾದಾ ಲೋಷನ್ ಹಚ್ಚಿ, ಅದರ ಮೇಲೆ ಎಣ್ಣೆ ಹಚ್ಚಿದರೆ ನೀರೂ ಸಿಗುತ್ತದೆ, ಹೊದಿಕೆಯೂ ಆಗುತ್ತದೆ.

ಹೊಸ ಎಣ್ಣೆಯನ್ನು ಒಮ್ಮೆಲೇ ಮೈಗೆಲ್ಲ ಹಚ್ಚಬೇಡಿ. ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಮೊದಲ ದಿನವೇ ಕಾಣಬೇಕೆಂದಿಲ್ಲ, ಅದಕ್ಕೇ ಒಂದು ವಾರ. ಚರ್ಮ ಸೀಳಿ ನೀರು ಒಸರುತ್ತಿದ್ದರೆ, ತುರಿಕೆಯಿಂದ ರಾತ್ರಿ ನಿದ್ದೆ ಬಾರದಿದ್ದರೆ, ವಯಸ್ಸಾದವರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಒಣಗಿದರೆ ಎಣ್ಣೆ ಹುಡುಕುವುದು ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆಯಲ್ಲೂ ಚರ್ಮ ಹೀಗೆ ಒಣಗುವುದುಂಟು.

ಪುಸ್ತಕಗಳಲ್ಲಿ ಸುಲಭಕ್ಕೆ ಸಿಗದ ಎರಡು ಅಪಾಯಗಳನ್ನೂ ಬರೆದುಕೊಳ್ಳಿ. ಎಣ್ಣೆ ಸೋರಿದ ಬಚ್ಚಲು ಜಾರುತ್ತದೆ, ವಯಸ್ಸಾದವರಿಗೆ ಕೂತು ಹಚ್ಚಿಕೊಳ್ಳಲು ಹೇಳಿ. ಎಣ್ಣೆ ಹೀರಿಕೊಂಡ ಬಟ್ಟೆ, ಹಾಸಿಗೆ ಹೊದಿಕೆ, ಬ್ಯಾಂಡೇಜ್ ಬೆಂಕಿ ತಗುಲಿದರೆ ಬೇಗ ಉರಿಯುತ್ತವೆ. ಬಿಸಿನೀರಿನಲ್ಲಿ ಒಗೆದರೂ ಅಂಶ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಅಂಥ ಬಟ್ಟೆ ತೊಟ್ಟು ಗ್ಯಾಸ್ ಒಲೆ, ದೇವರ ದೀಪದ ಹತ್ತಿರ ಹೋಗುವುದು ಬೇಡ.