ಕುಕ್ಕರ್ ಸೀಟಿ, ಮಿಕ್ಸಿ, ಟಿವಿ: ಇಷ್ಟು ಗಲಾಟೆಯಲ್ಲಿ ಮಗುವಿಗೆ ಮಾತು ಬರೋದು ತಡವಾಗುತ್ತಾ?

ಪ್ರಶ್ನೆ: ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಮಗಳಿಗೆ ಒಂದು ವರ್ಷ ಎಂಟು ತಿಂಗಳು. ಬೆಳಗಾದರೆ ಕುಕ್ಕರ್ ಸೀಟಿ, ಮಿಕ್ಸಿ, ಪಾತ್ರೆ ಸದ್ದು, ಹೊರಗೆ ಆಟೋ ಹಾರ್ನ್. ಮಾವನವರು ಎದ್ದಾಗಿನಿಂದ ಮಲಗುವವರೆಗೆ ಟಿವಿ ಓಡುತ್ತಲೇ ಇರುತ್ತದೆ. ಮಗಳು ಹದಿನೈದು ಪದ ಹೇಳುತ್ತಾಳೆ, ಅಷ್ಟೇ. ಇಷ್ಟು ಸದ್ದಿನಲ್ಲಿ ಬೆಳೆದರೆ ಮಾತು ತಡವಾಗುತ್ತದೆಯೇ?

ಉತ್ತರ: ನೀವು ಬರೆದಿರುವ ಸದ್ದುಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ಕುಕ್ಕರ್, ಮಿಕ್ಸಿ, ಪಾತ್ರೆ, ತರಕಾರಿ ಗಾಡಿಯವನ ಕೂಗು ಇವೆಲ್ಲ ಬಂದು ಹೋಗುವ ಸದ್ದುಗಳು. ಇವುಗಳಿಂದ ಮಾತಿಗೆ ತೊಂದರೆಯಿಲ್ಲ. ನಿಜವಾಗಿ ಗಮನ ಕೊಡಬೇಕಾದದ್ದು ಯಾರೂ ನೋಡದಿದ್ದರೂ ಓಡುತ್ತಲೇ ಇರುವ ಟಿವಿಗೆ. ಅದನ್ನು ಇವತ್ತಿನಿಂದಲೇ ಕಡಿಮೆ ಮಾಡಿ.

ಕಾರಣ ಹೇಳುತ್ತೇನೆ. ಮಗುವಿನ ಕಿವಿ ಹೊಟ್ಟೆಯಲ್ಲಿದ್ದಾಗಲೇ, ಸುಮಾರು ಆರನೇ ತಿಂಗಳ ಹೊತ್ತಿಗೇ ಕೆಲಸ ಶುರುಮಾಡುತ್ತದೆ. ಹುಟ್ಟಿದ ಮಗು ತಾಯಿಯ ದನಿಯನ್ನು ಬೇರೆ ಹೆಂಗಸರ ದನಿಯಿಂದ ಗುರುತಿಸುತ್ತದೆ ಅನ್ನುವುದು 1980ರಲ್ಲೇ ಪ್ರಯೋಗದಿಂದ ಗೊತ್ತಾಗಿದೆ. ಆದರೆ ಕೇಳಿಸುವುದು ಬೇರೆ, ಗದ್ದಲದೊಳಗಿಂದ ಮಾತನ್ನು ಹೆಕ್ಕಿ ತೆಗೆಯುವುದು ಬೇರೆ. ಎರಡನೆಯದು ಪೂರ್ತಿ ಪಳಗಲು ಮಗು ಹೈಸ್ಕೂಲಿಗೆ ಬರಬೇಕು. ಮದುವೆ ಛತ್ರದಲ್ಲಿ ವಾಲಗ ಜೋರಾಗಿ ನಡೆಯುವಾಗಲೂ ಪಕ್ಕದಲ್ಲಿ ಕೂತ ಚಿಕ್ಕಮ್ಮನ ಮಾತು ನಮಗೆ ತಿಳಿಯುತ್ತದೆ. "ಎರಡನೇ ಪಂಕ್ತಿಗೆ..." ಅಂದಿದ್ದಷ್ಟೇ ಕಿವಿಗೆ ಬಿದ್ದರೂ ಉಳಿದದ್ದನ್ನು ನಾವೇ ತುಂಬಿಕೊಂಡು ಎದ್ದು ಹೊರಡುತ್ತೇವೆ. ಒಂದೂವರೆ, ಎರಡು ವರ್ಷದ ಮಗುವಿನ ಬಳಿ ಹಾಗೆ ತುಂಬಿಕೊಳ್ಳಲು ಪದಗಳೇ ಇಲ್ಲ. ಅದು ಈಗಷ್ಟೇ ಅವನ್ನು ಕೂಡಿಸಿಕೊಳ್ಳುತ್ತಿದೆ.

ಅದರಲ್ಲೂ ಫ್ಯಾನಿನ ಗುಂಯ್ ಸದ್ದಿಗಿಂತ ಇನ್ನೊಬ್ಬರ ಮಾತು ಹೆಚ್ಚು ಅಡ್ಡಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ರಿಯಾನಾ ಮೆಕ್‌ಮಿಲನ್ ಮತ್ತು ಜೆನ್ನಿ ಸಾಫ್ರನ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು. ಎರಡು ವರ್ಷದ ಆಸುಪಾಸಿನ ಮಕ್ಕಳಿಗೆ ಹೊಸ ಪದ ಕಲಿಸುವಾಗ ಹಿಂದುಗಡೆ ಬೇರೆಯವರ ಮಾತು ಕೇಳಿಸುವಂತೆ ಮಾಡಿದರು. ಹಿಂದಿನ ಮಾತು ಸಣ್ಣದಾಗಿದ್ದಾಗ ಮಕ್ಕಳು ಪದ ಕಲಿತರು. ಸ್ವಲ್ಪ ಜೋರಾದರೆ ಕಲಿಯಲಿಲ್ಲ. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಮುಂದಿನ ಭಾಗ: ಸದ್ದಿಲ್ಲದ ಹೊತ್ತಿನಲ್ಲಿ ಒಮ್ಮೆ ಕೇಳಿಸಿಕೊಂಡಿದ್ದ ಪದಗಳ ಅರ್ಥವನ್ನು ಮಕ್ಕಳು ಆಮೇಲೆ ಗದ್ದಲದಲ್ಲೂ ಹಿಡಿದರು. ಅಂದರೆ ಮನೆಯನ್ನು ಇಡೀ ದಿನ ಮೌನವಾಗಿಡಬೇಕಿಲ್ಲ. ದಿನದಲ್ಲಿ ಕೆಲವು ಹೊತ್ತು, ಊಟ ಮಾಡಿಸುವಾಗ, ಸ್ನಾನ ಮಾಡಿಸುವಾಗ, ಮಲಗಿಸುವ ಮುಂಚೆ, ನಿಮ್ಮ ಮಾತು ಅವಳಿಗೆ ನಿಚ್ಚಳವಾಗಿ ಕೇಳಿಸಿದರೆ ಅದು ದೊಡ್ಡ ಲಾಭ.

ಟಿವಿಯಿಂದ ಇನ್ನೊಂದು ನಷ್ಟವೂ ಇದೆ, ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಟಿವಿ ಹಾಕಿದ್ದರೆ ದೊಡ್ಡವರೂ ಮಾತು ಕಡಿಮೆ ಮಾಡುತ್ತಾರೆ. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ಜೊತೆಗಾರರು ಎರಡು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳ ಅಂಗಿಗೆ ಸಣ್ಣ ರೆಕಾರ್ಡರ್ ಹಾಕಿ ಮನೆಯ ಮಾತುಗಳನ್ನು ಲೆಕ್ಕ ಹಾಕಿದ್ದರು. ಟಿವಿ ಕೇಳಿಸುತ್ತಿದ್ದ ಪ್ರತಿ ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದಗಳಷ್ಟು ಇಳಿದಿತ್ತು. ಮಗು ತಾನೇ ಹೊರಡಿಸುವ ದನಿಯೂ ಕಡಿಮೆಯಾಗಿತ್ತು. "ಟಿವಿಯಲ್ಲೂ ಮಾತೇ ತಾನೇ ಬರೋದು" ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಕೇಳಬಹುದು. ಅದಕ್ಕೂ ಉತ್ತರ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ಸಂಶೋಧಕಿ ಪೆಟ್ರಿಷಿಯಾ ಕುಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನೀ ಭಾಷೆ ಕೇಳಿಸಿತು. ಎದುರಿಗೆ ಕೂತು ಆಟಿಕೆ ತೋರಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಹಿಡಿದವು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದರೆ ಏನೂ ಹಿಡಿಯಲಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನ ಅದು.

ಇನ್ನು ಮಾವನವರ ವಿಷಯ. ಅವರ ದಿನ ಕಳೆಯುವುದೇ ಟಿವಿಯಿಂದ ಅನ್ನುವಾಗ ಸೊಸೆಯಾಗಿ "ಆಫ್ ಮಾಡಿ" ಅನ್ನುವುದು ಎಷ್ಟು ಕಷ್ಟ ಅಂತ ಗೊತ್ತು. ವಾರ್ತೆ, ಧಾರಾವಾಹಿಯ ಹೊತ್ತು ಅವರಿಗೇ ಇರಲಿ. ಮಧ್ಯದಲ್ಲಿ ಯಾರೂ ನೋಡದ ಹೊತ್ತು ಮಾತ್ರ ನಿಲ್ಲಿಸೋಣ ಅಂತ ಮಗನ ಕೈಯಲ್ಲಿ ಹೇಳಿಸಿ. ವಾಲ್ಯೂಮ್ ದಿನೇದಿನೇ ಏರುತ್ತಿದ್ದರೆ ಅವರಿಗೂ ಕಿವಿ ಮಂದವಾಗುತ್ತಿರಬಹುದು, ಒಮ್ಮೆ ತೋರಿಸಿ. ಮೊಮ್ಮಗಳ ಮಾತು ಕಲಿಯುವ ಕೆಲಸದಲ್ಲಿ ಅವರಷ್ಟು ಬಿಡುವಿರುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು "ಕಾಗೆ ಎಲ್ಲಿ ಕೂಗ್ತು? ಆ ಕಡೆನಾ?" ಅಂತ ಕೇಳುವ ತಾತ ಮಗುವಿಗೆ ಯಾವ ಚಾನೆಲ್ಲೂ ಕೊಡಲಾರದ್ದನ್ನು ಕೊಡುತ್ತಾರೆ.

ಈಗ ನೀವು ಚಿಂತೆ ಮಾಡುತ್ತಿರುವ ಅಡುಗೆಮನೆಗೆ ಬರೋಣ. ಅಲ್ಲಿರುವುದು ಮಾತಿನ ಗಣಿ. ಕುಕ್ಕರ್ ಮೊದಲು ಸುಯ್ ಅಂತ ಹಬೆ ಬಿಡುತ್ತದೆ, ವೆಯ್ಟ್ ಅಲುಗಾಡುತ್ತದೆ, ಆಮೇಲೆ ಸೀಟಿ. ಮಗು ಆಟ ಬಿಟ್ಟು ತಲೆ ಎತ್ತಿ ನಿಮ್ಮ ಮುಖ ನೋಡುತ್ತದೆ. ಆ ನೋಟವೇ ಅವಳ ಪ್ರಶ್ನೆ. "ಸೀಟಿ ಬಂತು! ಒಂದಾಯ್ತು, ಇನ್ನೆರಡು ಬರ್ಬೇಕು" ಅಂದರೆ ಉತ್ತರ ಸಿಕ್ಕಿತು. ನಾಲ್ಕು ದಿನ ಹೀಗೆ ಹೇಳಿ, ಐದನೇ ದಿನ ನೀವು ಸುಮ್ಮನಿದ್ದು ಅವಳನ್ನೇ ನೋಡಿ. "ಬಂತು" ಅಂತಲೋ "ಕುಕ್ಕ" ಅಂತಲೋ ಅವಳೇ ಅನ್ನಬಹುದು. ಹಾಗೆ ಸುಮ್ಮನಿದ್ದು ಕಾಯುವುದನ್ನು ಮಾತ್ರ ಮರೆಯಬೇಡಿ, ಯಾಕೆಂದರೆ ನಾವು ಬಹಳ ಸಲ ಮಗುವಿನ ಸರದಿಯನ್ನೂ ನಾವೇ ಆಡಿಬಿಡುತ್ತೇವೆ.

ಸ್ಟೀಲ್ ತಟ್ಟೆಯನ್ನು ಮತ್ತೆ ಮತ್ತೆ ಕೆಳಕ್ಕೆ ಹಾಕುತ್ತಾಳಲ್ಲ, ಅದನ್ನು ಒಂದು ಸಲ ಅವಳ ಪಕ್ಕದಲ್ಲೇ ಕೂತು ನೋಡಿ. ಬಿದ್ದ ತಟ್ಟೆ ಟಣ್ ಅಂದು, ಅಂಚಿನ ಮೇಲೆ ಸುತ್ತತೊಡಗುತ್ತದೆ. ಟಣ, ಟಣ, ಟಣಟಣ ಅಂತ ಸದ್ದು ಬರಬರುತ್ತಾ ಬಿಗಿಯಾಗಿ ಕೊನೆಗೆ ಟರ್ರ್ ಅಂದು ಥಟ್ಟನೆ ನಿಲ್ಲುತ್ತದೆ. ಅಷ್ಟು ಹೊತ್ತೂ ಮಗು ಕಣ್ಣು ಮಿಟುಕಿಸುವುದಿಲ್ಲ. ನಿಂತ ಕೂಡಲೇ ಮತ್ತೆ ಎತ್ತಿಕೊಳ್ಳುತ್ತದೆ. ತಾನು ಬಿಟ್ಟರೆ ಸದ್ದು ಬರುತ್ತದೆ, ಪ್ರತಿಸಲವೂ ಬರುತ್ತದೆ ಅನ್ನುವುದನ್ನು ಅದು ಪರೀಕ್ಷೆ ಮಾಡುತ್ತಿದೆ. "ಬಿತ್ತು... ತಿರುಗ್ತಾ ಇದೆ... ನಿಂತ್ಹೋಯ್ತು" ಅಂತ ಜೊತೆಗೆ ಹೇಳಿ. ಮೂರು ಕ್ರಿಯಾಪದಗಳನ್ನು ಕಣ್ಣಿಗೆ ಕಾಣುವಂತೆ ಕಲಿಸುವ ಇಂಥ ಪಾಠ ಯಾವ ಆ್ಯಪ್‌ನಲ್ಲೂ ಇಲ್ಲ. ಕೆಳಮನೆಯವರಿಗೆ ಕಿರಿಕಿರಿಯಾದರೆ ಜಮಖಾನವೋ ಹಳೇ ಕೌದಿಯೋ ಹಾಸಿಕೊಳ್ಳಿ. ಬರೀ ಟೈಲ್ಸ್ ನೆಲ, ಬೋಳು ಗೋಡೆಯ ರೂಮಿನಲ್ಲಿ ಸದ್ದು ಮಾರ್ದನಿಸುತ್ತದೆ. ದಪ್ಪ ಬಟ್ಟೆ ಅದನ್ನು ಹೀರುತ್ತದೆ.

ಮಿಕ್ಸಿ ಕಂಡರೆ ಅಳುವ ಮಕ್ಕಳಿದ್ದಾರೆ. ಈ ವಯಸ್ಸಿಗೆ ಅದು ಸಹಜ. ಹಾಕುವ ಮೊದಲು "ಈಗ ಜೋರು ಸದ್ದು ಬರುತ್ತೆ" ಅಂತ ತಿಳಿಸಿ, ಯಾರಾದರೂ ಎತ್ತಿಕೊಂಡು ಬಾಗಿಲಾಚೆ ನಿಲ್ಲಲಿ, "ನಿಲ್ಲು" ಅಂತ ಅವಳ ಕೈಯಲ್ಲಿ ಹೇಳಿಸಿ ನೀವು ನಿಲ್ಲಿಸಿ. ಹತ್ತಿರದಿಂದ ಅಳೆದರೆ ಮಿಕ್ಸಿ ಸದ್ದು 85 ಡೆಸಿಬೆಲ್ ಆಸುಪಾಸಿಗೆ ಬರುತ್ತದೆ. ಆದರೆ ಎರಡು ಮೂರು ನಿಮಿಷ ಚಟ್ನಿ ರುಬ್ಬಿದ್ದಕ್ಕೆ ಕಿವಿ ಕೆಡುವುದಿಲ್ಲ. ಕಿವಿಗೆ ನಿಜವಾದ ಅಪಾಯ ಪಟಾಕಿಯಿಂದ, ಮೆರವಣಿಗೆಯ ಡಿಜೆ ಸ್ಪೀಕರುಗಳಿಂದ. ನಮ್ಮ ದೇಶದ ನಿಯಮವೇ ಪಟಾಕಿಗೆ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ವರೆಗೆ ಅವಕಾಶ ಕೊಡುತ್ತದೆ. ಕೂಸಿನ ಕಿವಿಗೆ ಅದು ವಿಪರೀತ. ಗಣಪತಿ ಬಿಡುವ ದಿನ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಪೀಕರ್ ಪಕ್ಕದಲ್ಲೇ ಕುಣಿಯುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ದೂರದ ಮಹಡಿಯಿಂದ ತೋರಿಸಿ, ಸಾಕು.

ಕೊನೆಗೆ ಒಂದು ಮಾತು, ಇದನ್ನು ಸದ್ದಿನ ಲೆಕ್ಕಕ್ಕೆ ಸೇರಿಸಿ ಮುಂದೂಡಬೇಡಿ. ಬೆನ್ನ ಹಿಂದಿನಿಂದ ಹೆಸರು ಕರೆದರೆ ತಿರುಗುವುದಿಲ್ಲ, ಸೀಟಿಗೂ ಬೆಲ್ಲಿಗೂ ತಲೆ ಎತ್ತುವುದಿಲ್ಲ, ಮೊದಲು ಹೇಳುತ್ತಿದ್ದ ಪದ ಬಿಟ್ಟಿದ್ದಾಳೆ, ಎರಡು ವರ್ಷ ತುಂಬಿದರೂ "ಅಮ್ಮ ಬಾ" ಅನ್ನುವಂತೆ ಎರಡು ಪದ ಕೂಡಿಸುತ್ತಿಲ್ಲ ಅಂತಾದರೆ ಕಿವಿ ಪರೀಕ್ಷೆ ಮಾಡಿಸಿ. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಸ್ವಲ್ಪ ಕಾಲ ಕೇಳಿಸುವುದು ಮಂದವಾಗುವುದುಂಟು, ನೋವೂ ಇರುವುದಿಲ್ಲವಾದ್ದರಿಂದ ಗೊತ್ತಾಗುವುದಿಲ್ಲ. ಮಗು ಬಾಯಿಬಿಟ್ಟು ಉತ್ತರ ಹೇಳಬೇಕಾದ ಅಗತ್ಯವಿಲ್ಲ, ನಿದ್ದೆಯಲ್ಲಿದ್ದಾಗಲೇ ಕಿವಿಗೆ ಸದ್ದು ಕೇಳಿಸಿ ಮಿದುಳಿನ ಸ್ಪಂದನೆ ಅಳೆಯುವ 'ಬೇರಾ' (BERA) ಅನ್ನುವ ಪರೀಕ್ಷೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದೇ ಇದಕ್ಕೆ. ಮೈಸೂರು ದೂರವಾದರೆ ಜಿಲ್ಲಾಸ್ಪತ್ರೆಯ ಕಿವಿ ವಿಭಾಗದಲ್ಲಿ ಕೇಳಿ. ಹೋಗುವಾಗ ಅವಳು ಹೇಳುವ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೌಬೌ, ಅಂಬಾ, ಕುಕ್ಕ, ಮನೆಯವರಿಗಷ್ಟೇ ಅರ್ಥವಾಗುವ ಪದಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.